ಒಡೆಯಲೊಲ್ಲದ ಕೊಡದ ಮೇಲೆ ಒಂದು ಫಿರ್ಯಾದು

ಮೂಡಲಗಿ, ಶ್ರಾವಣ ಮಾಸ, ಇಸವಿ ೧೯೩೬

ಮುಂಬಯಿ ಪಟ್ಟಣದ ವಜ್ರದೇಹಿ ಭಾಂಡೆ ಕಾರಖಾನೆಯ ಘನತೆವೆತ್ತ ಮ್ಯಾನೇಜರ ಸಾಹೇಬರ ಸನ್ನಿಧಿಗೆ, ಬೆಳಗಾವಿ ಜಿಲ್ಲೆ ಮೂಡಲಗಿಯ ಹತ್ತಿ ಅಡತಿ ಅಂಗಡಿಯ ಕಾರಕೂನ ಗುರುಲಿಂಗಪ್ಪನು, ಸೊಂಟ ಎಷ್ಟು ಬಾಗುತ್ತದೆಯೋ ಅಷ್ಟು ಬಾಗಿ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ಪತ್ರದ ಮೊದಲಿಗೆ ನಾವೆಲ್ಲ ಕ್ಷೇಮವೆಂದು ಬರೆಯುವುದು ಪದ್ಧತಿ. ಅಂಗಡಿಯ ಪರವಾಗಿ ದಿನಾಲು ಪತ್ರ ಬರೆಯುವ ನನಗೆ ಆ ಸಾಲನ್ನು ಕೈಯೇ ಬರೆದುಬಿಡುತ್ತದೆ. ಆದರೆ ತಮ್ಮಂಥ ದೊಡ್ಡವರಿಗೆ ಸುಳ್ಳು ಬರೆಯಬಾರದೆಂದು ಈ ಸಲ ಕೈಯನ್ನು ಹಿಡಿದು ನಿಲ್ಲಿಸಿದ್ದೇನೆ. ನಮ್ಮ ಮನೆಯಲ್ಲಿ ಸಂಪೂರ್ಣ ಕ್ಷೇಮವಾಗಿರುವುದು ತಮ್ಮ ಕಾರಖಾನೆಯ ಕೊಡ ಒಂದೇ. ಅದಕ್ಕೆ ಬಿರುಕಿಲ್ಲ, ಸೀಳಿಲ್ಲ, ಇಷ್ಟು ತಿಂಗಳಲ್ಲಿ ಒಂದು ನೆಗಡಿ ಕೂಡ ಬಂದಿಲ್ಲ. ಅದರ ಈ ಆರೋಗ್ಯವೇ ನನ್ನ ಫಿರ್ಯಾದಿನ ವಿಷಯವಾಗಿದೆ. ನನ್ನ ಮುಂದಿನ ಒಂದು ಹಲ್ಲು ಮಾತ್ರ ಕ್ಷೇಮವಾಗಿಲ್ಲ. ಅದರ ವಿಚಾರವು ತನ್ನ ಪಾಳಿ ಬಂದಾಗ ಬರುತ್ತದೆ.

ಇದನ್ನು ಬಹಿರಂಗವಾಗಿ ಬರೆಯಬೇಕಾದುದಕ್ಕೆ ಕ್ಷಮೆ ಇರಲಿ. ಖಾಸಗಿಯಾಗಿ ನಾನು ಹಿಂದೆಯೇ ಬರೆದಿದ್ದೆ. ತಮ್ಮ ಕಚೇರಿಯಿಂದ ಬಹಳ ಸೌಜನ್ಯದ ಉತ್ತರ ಬಂದಿತು: 'ತಮ್ಮ ಕೊಡವು ಒಡೆದಿರುವುದಕ್ಕೆ ವಿಷಾದಿಸುತ್ತೇವೆ, ಚೂರುಗಳನ್ನು ಕಳುಹಿಸಿದಲ್ಲಿ ಹೊಸ ಕೊಡವನ್ನು ಪುಕ್ಕಟೆಯಾಗಿ ಕಳುಹಿಸುತ್ತೇವೆ.' ಕೊಡ ಒಡೆದಿಲ್ಲ, ಒಡೆಯಲೊಲ್ಲದು, ಅದೇ ನನ್ನ ದುಃಖ ಎಂದು ಪುನಃ ಬರೆದೆ. ಅದಕ್ಕೆ ತಾವು, ಇಂಥ ಪ್ರಶಂಸೆಯ ಪತ್ರಗಳು ನಮಗೆ ದಾರಿದೀಪವೆಂದು ಉತ್ತರಿಸಿ ಜೊತೆಗೊಂದು ಕ್ಯಾಲೆಂಡರನ್ನೂ ಕಳುಹಿಸಿದಿರಿ. ಕ್ಯಾಲೆಂಡರು ಚೆನ್ನಾಗಿದೆ, ಗೋಡೆಗೆ ಹಾಕಿದ್ದೇನೆ. ದುಃಖ ಹಾಗೆಯೇ ಉಳಿಯಿತು.

ನನ್ನ ಪರಿಚಯವನ್ನು ಸ್ವಲ್ಪ ಹೇಳಿಕೊಳ್ಳುತ್ತೇನೆ. ನಾನು ಈ ಊರಲ್ಲಿ 'ಗಟ್ಟಿ ಮನುಷ್ಯ' ಎಂದು ಹೆಸರಾದವನು. ವಯಸ್ಸು ಐವತ್ತರ ಆಚೆಗಾದರೂ ಕಬ್ಬನ್ನು ಹಲ್ಲಿನಿಂದಲೇ ಸುಲಿಯುತ್ತೇನೆ, ಅಡಿಕೆಯನ್ನು ಅಡಕತ್ತಿಯಿಲ್ಲದೆ ಒಡೆಯುತ್ತೇನೆ, ಅಂದರೆ ಒಡೆಯುತ್ತಿದ್ದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ನಮ್ಮ ತಾಯಿ ತೀರಿಕೊಂಡಾಗ ಊರವರೆಲ್ಲ ಅತ್ತರು, ನಾನು ನಿಂತುಕೊಂಡು ಎಲ್ಲರಿಗೂ ವಿಭೂತಿ ಕೊಟ್ಟೆ. 'ಎಂಥಾ ಗಟ್ಟಿ ಮನುಷ್ಯಾಂವ' ಎಂದು ಜನ ಅಂದದ್ದನ್ನು ನಾನು ಸರಕಾರದ ಸರ್ಟಿಫಿಕೇಟಿನ ಹಾಗೆ ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದೇನೆ. ಹೀಗಿರುವಾಗ, ಒಡೆಯದ ವಸ್ತುವೊಂದು ಮಾರಾಟಕ್ಕಿದೆ ಎಂದು ತಿಳಿದಾಗ ನನಗೆ ಬಂಧುವೊಬ್ಬ ಸಿಕ್ಕಷ್ಟು ಸಂತೋಷವಾದದ್ದು ಸಹಜವೇ ಆಗಿತ್ತು.

ಅದು ಗೋಕಾಕದ ಪೇಟೆಯಲ್ಲಿ. ತಮ್ಮ ಏಜಂಟರಾದ ದಾದೇಸಾಬರು ಅಂಗಡಿಯ ಮುಂದೆ ಜನ ಕೂಡಿಸಿಕೊಂಡು ಬೆಳ್ಳಗೆ ಹೊಳೆಯುವ ಅಲ್ಯುಮಿನಿಯಂ ಕೊಡವೊಂದನ್ನು, ನಮ್ಮ ಕಡೆಯ ಮಾತಿನಲ್ಲಿ ಜರ್ಮನ್ ಕೊಡವನ್ನು, ಮಾಳಿಗೆಯ ಮೇಲಿಂದ ಕೆಳಗೆ ಬಿಡುತ್ತಿದ್ದರು, ಓಡಿಹೋಗಿ ಎತ್ತಿಕೊಂಡು ಬರುತ್ತಿದ್ದರು, ಮತ್ತೆ ಮಾಳಿಗೆ ಹತ್ತುತ್ತಿದ್ದರು. ಒಮ್ಮೆ ಅದರ ಮೇಲೆ ತಾವೇ ಹತ್ತಿ ನಿಂತು ಕುಣಿದರು. 'ನಾನು ಒಡೀತೀನಿ, ನೀವು ಒಡೀತೀರಿ, ಇದು ಒಡಿಯೂದಿಲ್ರಿ' ಎಂದರು. ಆ ಮಾತಿನಲ್ಲಿ ಎಷ್ಟು ಅರ್ಥವಿದೆಯೆಂಬುದು ಆಗ ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ನಾನು ಅಲ್ಲಿಯೇ ಅದನ್ನು ಕೊಂಡು, ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಹೆಸರು ಕೊರೆಯುವವನ ಮುಂದಿಟ್ಟೆ. ನಮ್ಮ ಕಡೆ ಲೋಹದ ಪಾತ್ರೆ ಮನೆ ಸೇರುವ ಮೊದಲು ಹೆಸರು ಹಾಕಿಸಿಕೊಳ್ಳಬೇಕು, ಮದುವೆ ಮುಂಜಿಗಳಲ್ಲಿ ಅದಲುಬದಲಾದರೆ ಹುಡುಕಿಕೊಂಡು ಬರಬೇಕಲ್ಲ. ಮನೆಯವರ ಹೆಸರನ್ನೂ ಕೊರೆಯಲೇ ಎಂದು ಅವನು ಕೇಳಿದ, ಜಾಗ ಸಾಲದೆಂದು ನಾನು ಹೇಳಿದೆ. 'ಗುರುಲಿಂಗಪ್ಪ, ಮೂಡಲಗಿ' ಎಂದು ಕೊಡದ ಕೊರಳ ಕೆಳಗೆ ದಪ್ಪ ಅಕ್ಷರದಲ್ಲಿ ಕೊರೆಸಿಕೊಂಡು ಸಂಜೆಯ ಮೋಟಾರಿಗೆ ಊರಿಗೆ ಬಂದೆ.

ಇಲ್ಲಿ ನಮ್ಮ ಓಣಿಯ ಒಂದು ರೀತಿಯನ್ನು ತಮಗೆ ತಿಳಿಸದಿದ್ದರೆ ಮುಂದಿನದು ಹುಚ್ಚನ ಬರಹದಂತೆ ಕಂಡೀತು. ನಮ್ಮ ಓಣಿಯಲ್ಲಿ ಗಂಡಹೆಂಡಿರ ಜಗಳಕ್ಕೆ ಒಂದು ಕೊನೆಯಿದೆ, ಆ ಕೊನೆಯ ಹೆಸರು ಗಡಿಗೆ. ಜಗಳ ಏರಿ, ಇನ್ನು ಏರಲು ಜಾಗವಿಲ್ಲವೆಂದಾದಾಗ ಇಬ್ಬರಲ್ಲಿ ಒಬ್ಬರು ಕುಡಿಯುವ ನೀರಿನ ಮಣ್ಣಿನ ಗಡಿಗೆಯನ್ನು ಎತ್ತಿ ಅಂಗಳಕ್ಕೆ ಹಾಕುತ್ತಾರೆ. ಗಡಿಗೆ ಒಡೆಯಿತೋ, ಜಗಳ ಮುಗಿಯಿತು. ಆಮೇಲೆ ಯಾರ ತಪ್ಪು ಯಾರ ಒಪ್ಪು ಎಂದು ಕೇಳುವಂತಿಲ್ಲ. ಇಬ್ಬರೂ ಕೂಡಿಯೇ ಚೂರು ಆರಿಸಬೇಕು, ಇಬ್ಬರೂ ಕೂಡಿಯೇ ಊರ ಹೊರಗಿನ ಕುಂಬಾರನ ಮನೆಗೆ ಹೋಗಬೇಕು, ಗಂಡ ಗಡಿಗೆಯನ್ನು ಬೆರಳಿಂದ ಬಾರಿಸಿ ಹೆಂಡತಿ ಕಿವಿಗೊಟ್ಟು ಕೇಳಿ ಹೊಸದನ್ನು ಆರಿಸಬೇಕು, ಬರುವಾಗ ಅದರ ಕೊರಳಿಗೆ ಅವನದೊಂದು ಕೈ ಅವಳದೊಂದು ಕೈ ಹಾಕಿ ನಡುವೆ ಹಿಡಿದುಕೊಂಡು ಬರಬೇಕು. ಬೇರೆ ದಿನಗಳಲ್ಲಿ ನಮ್ಮಲ್ಲಿ ಗಂಡ ಮುಂದೆ, ಹೆಂಡತಿ ಹತ್ತು ಮಾರು ಹಿಂದೆ. ಆ ಒಂದು ಹಾದಿಯಲ್ಲಿ ಮಾತ್ರ ಗಡಿಗೆಯ ಕಾರಣಕ್ಕೆ ಸರಿಸಮ ನಡೆಯಬೇಕಾಗುತ್ತದೆ.

ನಮ್ಮ ಕುಂಬಾರ ಮಾಲಿಂಗಪ್ಪನು ಇದಕ್ಕೆಂದೇ ಬೇರೆ ತರದ ಗಡಿಗೆಯನ್ನು ಮಾಡುತ್ತಾನೆ. ನೀರು ನಿಲ್ಲುತ್ತದೆ, ತಣ್ಣಗೂ ಆಗುತ್ತದೆ, ಆದರೆ ಹೊಟ್ಟೆ ತೆಳ್ಳಗೆ, ಆವಿಗೆಯ ಅಂಚಿಗಿಟ್ಟು ಸುಟ್ಟದ್ದು, ಒಂದೇ ಏಟಿಗೆ ಮೂರು ಮನೆಗೆ ಕೇಳುವಂತೆ ಒಡೆಯುತ್ತದೆ. ಇದರ ಬಗ್ಗೆ ಅವನಿಗೆ ಇರುವ ಜಂಬವನ್ನು ಹೇಳತೀರದು. 'ಬಡಗ್ಯಾ ಮನಿ ಕಟ್ಟತಾನ, ಮನಿಯಾಗಿನ ಮಂದೀನ್ನ ಕಟ್ಟಿ ಇಡಾಂವ ನಾನ' ಎಂದು ಸಂತೆಯಲ್ಲಿ ಕೂಗಿ ಹೇಳುತ್ತಾನೆ. ಮನೆಗಳಲ್ಲಿ ಹಿತ್ತಾಳೆಯ ಕೊಡಗಳಿಲ್ಲವೇ ಎಂದು ತಾವು ಕೇಳಬಹುದು. ಇವೆ. ಆದರೆ ಹಿತ್ತಾಳೆಯ ಕೊಡ ಹೆಂಡತಿಯ ತವರಿನಿಂದ ಬಂದದ್ದು. ಅದನ್ನು ಗಂಡ ಎಸೆದರೆ ಬೀಗರಿಗೆ ಅವಮಾನ, ಅವಳೇ ಎಸೆದರೆ ಅವ್ವನಿಗೆ ಅವಮಾನ, ಆದ್ದರಿಂದ ಎಂಥ ಸಿಟ್ಟಿನಲ್ಲಿಯೂ ಕೈ ಅದರ ಬಳಿ ಹೋಗುವುದಿಲ್ಲ.

ನಾನು ತಮ್ಮ ಕೊಡವನ್ನು ಮನೆಗೆ ತಂದು ನನ್ನ ಹೆಂಡತಿ ಶಿವಗಂಗವ್ವನ ಮುಂದಿಟ್ಟಾಗ ಅವಳು ಅದನ್ನು ಬಹಳ ಹೊತ್ತು ನೋಡಿ, 'ಇದು ಒಡಿಯೂದಿಲ್ಲೇನ್ರಿ?' ಎಂದು ಕೇಳಿದಳು. ಜನ್ಮದಲ್ಲಿ ಒಡೆಯುವುದಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದೆ. 'ಹಂಗಾರ ಇನ್ನ ಮಾಲಿಂಗಪ್ಪನ ಮನಿಗೆ?' ಎಂದಳು. ಇನ್ನು ಆ ಧೂಳಿನ ಹಾದಿ ಹಿಡಿಯುವ ತ್ರಾಸವೇ ಇಲ್ಲ, ಬದುಕಿದೆವು ಎಂದೆ. ಇದ್ದ ಮಣ್ಣಿನ ಗಡಿಗೆಯನ್ನು ಆಗಲೇ ಎತ್ತಿ ಪಕ್ಕದ ಮನೆಯ ಮೈಮುನಾಬಿಗೆ, ಕೋಳಿಗಳ ನೀರಿಗೆ ಇರಲೆಂದು ಕೊಟ್ಟುಬಿಟ್ಟೆ. ಶಿವಗಂಗವ್ವ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಒಪ್ಪಿಗೆಯೆಂದು ನಾನು ಮದುವೆಯಾದಂದಿನಿಂದ ತಿಳಿದುಕೊಂಡು ಬಂದಿದ್ದೇನೆ.

ಯುಗಾದಿ ಕಳೆದ ಮೇಲೆ ಜಗಳ ಬಂದಿತು. ಕಾರಣ ದೊಡ್ಡದೇ ಆಗಿತ್ತು: ಹಿಂದೊಮ್ಮೆ ಸತ್ತುಹೋದ ಮೈಮುನಾಬಿಯ ಎಮ್ಮೆಗೆ ಮುರಿದಿದ್ದುದು ಎಡಗೋಡೋ ಬಲಗೋಡೋ ಎಂಬುದು. ಎಡಗೋಡೆಂದು ನಾನು, ಬಲಗೋಡೆಂದು ಅವಳು. ಮಧ್ಯಾಹ್ನಕ್ಕೆ ಸುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಎಮ್ಮೆಯನ್ನು ದಾಟಿ ನನ್ನ ಅಕ್ಕಂದಿರವರೆಗೆ ಬಂದಿತು. ಆಗ ಶಿವಗಂಗವ್ವ ರೂಢಿಯಂತೆ ಎದ್ದು ತಮ್ಮ ಕೊಡವನ್ನು ಎತ್ತಿ ಅಂಗಳಕ್ಕೆ ಹಾಕಿದಳು. ಮಾನ್ಯರೇ, ಅದು ಠಣ್ ಎಂದು ಗುಡಿಯ ಗಂಟೆಯಂತೆ ಬಾರಿಸಿ, ಅಲ್ಲಿಂದ ಪುಟಿದು, ತಲಬಾಗಿಲು ದಾಟಿ, ಓಣಿಯ ಇಳಿಜಾರು ಹಿಡಿದು, ಮಲಗಿದ್ದ ಎರಡು ನಾಯಿಗಳನ್ನು ಎಬ್ಬಿಸಿ, ಮೈಮುನಾಬಿಯ ಬಾಗಿಲಿಗೆ ಹೋಗಿ ನಿಂತಿತು. ಆ ತಾಯಿ ಅದನ್ನು ಸೆರಗಿನಿಂದ ಒರೆಸಿ ತಂದು, 'ತಗೋ ಅಕ್ಕಾ, ಏನೂ ಆಗಿಲ್ಲ' ಎಂದು ಒಳಗಿಟ್ಟು ಹೋದಳು. ಎಮ್ಮೆಯ ಯಾವ ಕೋಡು ಮುರಿದಿತ್ತೆಂದು ನಾನು ಕೇಳಿದ್ದಕ್ಕೆ, ತನ್ನ ಎಮ್ಮೆಗೆ ಎರಡೂ ಕೋಡು ನೆಟ್ಟಗಿದ್ದವೆಂದು ಹೇಳಿದಳು. ಅದನ್ನು ನಾವಿಬ್ಬರೂ ನಂಬಲಿಲ್ಲ.

ಏನೂ ಆಗಿರಲಿಲ್ಲ, ಅದೇ ಆದದ್ದು. ಗಡಿಗೆಯನ್ನು ಎತ್ತಿ ಹಾಕಿದ ಮೇಲೆ ಅದು ಒಡೆಯುವ ಮುನ್ನ ಮಾತಾಡಿದವರು ಸೋತಂತೆ ಎಂಬುದು ನಮ್ಮಲ್ಲಿಯ ನಿಯಮ. ಒಡೆಯುವ ವಸ್ತುವೇ ಮನೆಯಲ್ಲಿಲ್ಲ. ಹೀಗಾಗಿ ಅವಳು ಅಡಿಗೆಮನೆಯಲ್ಲಿ, ನಾನು ಪಡಸಾಲೆಯಲ್ಲಿ, ನಡುವೆ ತಮ್ಮ ಕೊಡ, ಹೀಗೆ ಬೇಸಿಗೆ ಕಳೆಯಿತು. ಆದರೂ ಸಂಸಾರವೆಂದ ಮೇಲೆ ಆಡಬೇಕಾದ ಮಾತುಗಳಿರುತ್ತವಷ್ಟೆ. ಅವನ್ನು ನಾವು ಕೊಡಕ್ಕೆ ಹೇಳತೊಡಗಿದೆವು. 'ಏ ಕೊಡಪ್ಪಾ, ರೊಟ್ಟಿ ಆರಾಕತ್ತಾವಂತ ಹೇಳಪಾ' ಎಂದು ಅವಳು, ಹಸಿವಿಲ್ಲವೆಂದು ತಿಳಿಸು ಎಂದು ನಾನು. ಕೆಲವು ದಿನಗಳಲ್ಲಿ ತಮ್ಮ ಕೊಡ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮರ್ಯಾದಸ್ಥ ವ್ಯಕ್ತಿಯಾಯಿತು. ಅದಕ್ಕೆ ಮಾತ್ರ ಇಬ್ಬರೂ ಪ್ರೀತಿಯಿಂದ ಮಾತಾಡುತ್ತಿದ್ದೆವು. ಅದರೊಳಗಿನ ನೀರು ಚೈತ್ರ ವೈಶಾಖಗಳಲ್ಲಿ ಸ್ನಾನಕ್ಕೆ ಆಗುವಷ್ಟು ಬಿಸಿಯಿರುತ್ತಿತ್ತು. ಆ ಬಗ್ಗೆ ನನ್ನ ದೂರಿಲ್ಲ, ಕುಡಿದೇ ಕುಡಿದೆ.

ಮಣ್ಣಿನ ಗಡಿಗೆಯೊಂದನ್ನು ತಂದು ಒಡೆದು ಕೈ ತೊಳೆದುಕೊಳ್ಳಬಾರದೇಕೆ ಎಂದು ತಾವು ವಿವೇಕ ಹೇಳುವಿರೆಂದು ಬಲ್ಲೆ. ಮೈಮುನಾಬಿಗೆ ಕೊಟ್ಟ ಗಡಿಗೆಯನ್ನು ಅವಳ ಹುಂಜವೇ ಅಂಚು ಹತ್ತಿ ಕೆಡವಿ ಒಡೆದಿತ್ತು. ಆದ್ದರಿಂದ ನಾನು ಒಬ್ಬನೇ ತಲೆಗೆ ರುಮಾಲು ಸುತ್ತಿಕೊಂಡು ಮಾಲಿಂಗಪ್ಪನಲ್ಲಿಗೆ ಹೋದೆ. ಅವನು ತಿಗರಿಯನ್ನು ನಿಲ್ಲಿಸಿ, ಮೊದಲು ನನ್ನನ್ನೂ ಆಮೇಲೆ ನನ್ನ ಬಾಜೂ ಇದ್ದ ಖಾಲಿ ಜಾಗವನ್ನೂ ನೋಡಿ, 'ಒಬ್ಬರಿಗೆ ಕೊಡೂದಿಲ್ರಿ, ಜೋಡಿ ಬರ್ರಿ' ಎಂದ. ಜೋಡಿ ಬರಬೇಕಾದರೆ ಜಗಳ ಮುಗಿಯಬೇಕು, ಜಗಳ ಮುಗಿಯಬೇಕಾದರೆ ಗಡಿಗೆ ಒಡೆಯಬೇಕು, ಗಡಿಗೆ ಒಡೆಯಬೇಕಾದರೆ ಗಡಿಗೆ ಬೇಕು, ಗಡಿಗೆ ಬೇಕಾದರೆ ಜೋಡಿ ಬರಬೇಕು ಎಂದು ನಾನು ಅವನಿಗೆ ಕಾನೂನಿನ ತೊಡಕನ್ನು ವಿವರಿಸಿದೆ. 'ಮುಂಬೈ ಕೊಡ ತಂದೀರಲ್ಲ, ಮುಂಬೈಯವರನ್ನ ಕೇಳ್ರಿ' ಎಂದು ಹೇಳಿ ಮತ್ತೆ ತಿಗರಿಯನ್ನು ತಿರುಗಿಸಿದ. ಆ ಸಲಹೆಯ ಮೇರೆಗೆ ತಮ್ಮನ್ನು ಕೇಳಿದ್ದೆ, ಕ್ಯಾಲೆಂಡರು ಬಂದಿತು.

ಇಷ್ಟರಲ್ಲಿ ಆಷಾಢ ಹಿಡಿಯಿತು. ಪಂಚಮಿಯ ಹಬ್ಬಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಅಣ್ಣತಮ್ಮಂದಿರು ಬಂದು ಕರೆದೊಯ್ಯುತ್ತಾರೆ. ಶಿವಗಂಗವ್ವನ ತವರು ಹುಕ್ಕೇರಿ. ಪ್ರತಿ ವರ್ಷವೂ ಅವಳ ತಮ್ಮ ಕಲ್ಲಪ್ಪ ಚಕ್ಕಡಿ ಹೂಡಿಕೊಂಡು ಬರುತ್ತಾನೆ. ಅವನು ಬರುವ ಮೊದಲು ಬಾಕಿ ಉಳಿದ ಜಗಳವನ್ನೆಲ್ಲ ನಾವು ಒಡೆದು ಮುಗಿಸುತ್ತಿದ್ದೆವು. ಯಾಕೆಂದರೆ ಜಗಳವನ್ನು ಇಡಿಯಾಗಿ ಇಟ್ಟುಕೊಂಡು ತವರಿಗೆ ಹೋದ ಹೆಣ್ಣು ಅದು ಒಡೆಯುವವರೆಗೆ ತಿರುಗಿ ಬರುವುದಿಲ್ಲ. ಓಣಿಯ ಕೊನೆಯ ಮನೆಯ ತಾಯವ್ವ ಹಾಗೆ ಹೋದವಳು ಇನ್ನೂ ಬಂದಿಲ್ಲ, ಅವಳ ಗಂಡ ರೊಟ್ಟಿ ಬಡಿಯುವುದನ್ನು ಕಲಿತುಬಿಟ್ಟಿದ್ದಾನೆ. ತಮ್ಮ ಕೊಡಕ್ಕೆ ತಾವು ಕೊಟ್ಟ ಗ್ಯಾರಂಟಿ ಆಜೀವಪರ್ಯಂತದ್ದು. ಕಾಗದವನ್ನು ತೆಗೆದು ಓದಿ ನೋಡಿದೆ, ಆ ಜೀವ ಯಾರದೆಂದು ಅದರಲ್ಲಿ ಬರೆದಿರಲಿಲ್ಲ. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಗಟ್ಟಿ ಮನುಷ್ಯನಿಗೆ ಹೆದರಿಕೆಯಾದಾಗ ಯಾರಿಗೆ ಹೇಳಬೇಕೆಂಬುದು ತಿಳಿಯುವುದಿಲ್ಲ, ನಾನೂ ಕೊಡಕ್ಕೇ ಹೇಳಿದೆ.

ಆಮೇಲೆ ಅದನ್ನು ಚೀಲದಲ್ಲಿ ಹಾಕಿಕೊಂಡು ಗೋಕಾಕದ ಮೋಟಾರು ಹತ್ತಿದೆ. ನಮ್ಮ ಗೋಕಾಕ ಜಲಪಾತವನ್ನು ತಾವು ನೋಡಿರಲಿಕ್ಕಿಲ್ಲ. ಮಳೆಗಾಲದಲ್ಲಿ ಘಟಪ್ರಭೆ ಕೆಂಪಗೆ ಉಕ್ಕಿ ಬಂಡೆಯ ಮೇಲಿಂದ ಬೀಳುವಾಗ ಎದುರಿಗೆ ನಿಂತವನ ಎದೆಯೊಳಗಿನ ಎಲುಬು ನಡುಗುತ್ತದೆ. ನಾನು ತೂಗುಸೇತುವೆಯ ನಡುವೆ ಹೋಗಿ ನಿಂತು, ಕೊಡಕ್ಕೆ ಕೈಮುಗಿದು, ಇಷ್ಟು ದಿನ ನಡುವೆ ನಿಂತು ಮಾತು ಮುಟ್ಟಿಸಿದ ಉಪಕಾರವನ್ನು ನೆನೆದು, ನೀರಿಗೆ ಬಿಟ್ಟೆ. ಅದು ತೇಲಿಕೊಂಡು ಹೋಗಿ ಅಂಚಿನಲ್ಲಿ ಒಂದು ಗಳಿಗೆ ತಲೆಯೆತ್ತಿ ಮಾಯವಾಯಿತು. ಇದಕ್ಕೆ ಏನಾದೀತು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಮನಸ್ಸು ಹಗುರಾಗಿ, ಕರದಂಟು ಕೊಂಡುಕೊಂಡು ಮನೆಗೆ ಬಂದೆ.

ಆದರೆ ಕೊಡವಿಲ್ಲದ ಮನೆಯಲ್ಲಿ ಮಾತಾಡುವುದಕ್ಕೂ ಯಾರೂ ಇಲ್ಲವೆಂದು ಮನೆಗೆ ಬಂದ ಮೇಲೆ ತಿಳಿಯಿತು. ಕರದಂಟು ತಂದಿದ್ದೇನೆಂದು ಹೇಳಬೇಕು, ಯಾರ ಮುಖಾಂತರ ಹೇಳಲಿ? ಶಿವಗಂಗವ್ವ ಕೊಡದ ಖಾಲಿ ಜಾಗವನ್ನು ನೋಡಿದಳು, ನನ್ನನ್ನು ನೋಡಿದಳು, ಹಿತ್ತಿಲಿಗೆ ಹೋದಳು. ಅವಳು ಅಲ್ಲಿಂದ ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಚೂರೇ ಇಲ್ಲದ ಒಡೆಯುವಿಕೆ ಲೆಕ್ಕಕ್ಕೆ ಬರುವುದಿಲ್ಲವೆಂದು ನನಗಾದರೂ ಹೊಳೆಯಬೇಕಾಗಿತ್ತು.

ಕೆಲವು ದಿನ ಬಿಟ್ಟು, ಹೊಳೆಯ ಕೆಳಗಿನ ಮೇಲವಂಕಿಯಿಂದ ಬೀರಸಿದ್ದಪ್ಪನೆಂಬ ಸಜ್ಜನನೊಬ್ಬನು ಮಳೆಯಲ್ಲಿ ಕಂಬಳಿ ಹೊದ್ದುಕೊಂಡು ನಮ್ಮ ಮನೆ ಕೇಳಿಕೊಂಡು ಬಂದ. ಕಂಬಳಿಯೊಳಗೆ ತಮ್ಮ ಕೊಡ. ಅವನ ಹೊಲದ ದಂಡೆಗೆ ಬಂದು ಸೇರಿತ್ತಂತೆ, ಹೆಸರು ಇದ್ದುದರಿಂದ ಪಾಪ, ಕೊಟ್ಟು ಹೋಗಲು ಅಷ್ಟು ದೂರ ನಡೆದುಕೊಂಡು ಬಂದಿದ್ದ. 'ಮಸ್ತ ಗಟ್ಟಿ ಮಾಲ ಐತ್ರಿ, ಬರೇ ಒಂದ ತಗ್ಗ ಬಿದ್ದೈತಿ' ಎಂದು ಹೊಗಳಿದ. ನಿಜವಾಗಿಯೂ ಹೊಟ್ಟೆಯ ಮೇಲೆ ಒಂದು ತಗ್ಗಿತ್ತು, ನನ್ನ ಹೆಸರಿನ ಸರಿಯಾಗಿ ಕೆಳಗೆ. ಶಿವಗಂಗವ್ವ ಓಡಿಬಂದು, 'ಬಂದೇನಪಾ? ಎಲ್ಲಿ ಹೋಗಿದ್ದೀ? ನೀರ ಕುಡದಿ ಏನ ಇಲ್ಲ?' ಎಂದು ಅದನ್ನು ಒಳಗೆ ಕರೆದುಕೊಂಡು ಹೋದಳು. ನಾನು ಹುಬ್ಬಳ್ಳಿಗೆ ಹೋಗಿ ವಾರ ಬಿಟ್ಟು ಬಂದಾಗ ಕೂಡ ಆ ಪರಿಯ ಸ್ವಾಗತವನ್ನು ನಾನು ಕಂಡವನಲ್ಲ. ತಮ್ಮ ಕೊಡದ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತೆಂಬುದನ್ನು ಈ ಬಹಿರಂಗ ಪತ್ರದಲ್ಲಿ ದಾಖಲು ಮಾಡಬೇಕಾಗಿದೆ.

ಕಲ್ಲಪ್ಪ ಚಕ್ಕಡಿ ತಂದೇ ತಂದ. ಅಕ್ಕ ಭಾವಂದಿರು ಕೊಡದೊಡನೆ ಮಾತಾಡುವುದನ್ನು ಕಂಡು ಅವನು ಚಹಾ ಕೂಡ ಕುಡಿಯದೆ ಎತ್ತುಗಳ ಬಳಿ ಹೋಗಿ ನಿಂತ. ಶಿವಗಂಗವ್ವ ಗಂಟು ಕಟ್ಟಿಕೊಂಡಳು. ಆ ಗಂಟು ಪ್ರತಿ ವರ್ಷದ್ದಕ್ಕಿಂತ ದೊಡ್ಡದಿತ್ತು, ದಪ್ಪ ಕೌದಿಯನ್ನೂ ಇಟ್ಟಿದ್ದಳು. ಪಂಚಮಿಗೆ ಹೋಗುವವರಿಗೆ ಚಳಿಗಾಲದ ಕೌದಿ ಯಾಕೆ ಬೇಕು? 'ಕೊಡಪ್ಪಾ, ಹಿಟ್ಟ ಡಬ್ಬಿಯೊಳಗ ಐತಿ, ಉಪ್ಪಿನಕಾಯಿ ಮ್ಯಾಲ ಐತಿ, ಉಣ್ಣಾಕ ಹೇಳಪಾ' ಎಂದು ಹೇಳಿ ಚಕ್ಕಡಿ ಹತ್ತಿದಳು. ನೋಡಬಂದ ಓಣಿಯ ಮಂದಿಯೆಲ್ಲ ಬಾಗಿಲಲ್ಲಿತ್ತು. ನಾನು ಹೋಗಬೇಡ ಎನ್ನಬೇಕು. ಒಂದೇ ಶಬ್ದ. ಇಷ್ಟು ವರ್ಷ ಗಟ್ಟಿಯಾಗಿದ್ದ ನಾಲಿಗೆ ಅದನ್ನು ಹೊರಗೆ ಬಿಡಲಿಲ್ಲ.

ಅದರ ಬದಲಿಗೆ ನಾನು ಒಳಗೆ ಹೋಗಿ ತಮ್ಮ ಕೊಡವನ್ನು ತಂದು, ಎರಡೂ ಕೈಯಿಂದ ತಲೆಯ ಮೇಲೆತ್ತಿ, ಹೊಸ್ತಿಲ ಕಲ್ಲಿಗೆ ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಬಡಿದೆ. ಮಾನ್ಯರೇ, ತಮ್ಮ ಮಾಲಿನ ಬಗ್ಗೆ ದಾದೇಸಾಬರು ಹೇಳಿದ್ದು ಅಕ್ಷರಶಃ ನಿಜವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ. ಅದು ಒಡೆಯಲಿಲ್ಲ. ಅದು ಕಲ್ಲಿಗೆ ಬಡಿದು, ಬಂದ ದಾರಿಯಲ್ಲಿಯೇ ಹಿಂದಿರುಗಿ ನನ್ನ ಬಾಯಿಗೆ ಬಡಿಯಿತು. ಟಕ್ಕೆಂದು ಒಂದು ಸಪ್ಪಳ, ನಾನು ಕೆಳಗೆ ಕೂತೆ, ಕಬ್ಬು ಸುಲಿಯುವ ನನ್ನ ಮುಂದಿನ ಹಲ್ಲು ಅರ್ಧಕ್ಕೆ ಮುರಿದು ಅಂಗಳದಲ್ಲಿ ಬಿದ್ದಿತು. ಮೈಮುನಾಬಿ ಅದನ್ನು ಧೂಳಿನಿಂದ ಆರಿಸಿ, ಅಂಗೈಯಲ್ಲಿ ಎಲ್ಲರಿಗೂ ತೋರಿಸಿ, 'ಇಷ್ಟ ವರ್ಷ ಈ ಮನಿ ನೀರ ಕುಡದದ್ದು ಇದು. ಮನೀದು ಅಂದ್ರ ಮನೀದು. ಒಡೀತು ನೋಡ್ರಿ!' ಎಂದು ತೀರ್ಪು ಕೊಟ್ಟಳು. ಓಣಿಯವರು ಒಡೀತು, ಒಡೀತು ಎಂದು ಒಪ್ಪಿದರು. ನಾನು ಅಳುತ್ತಿದ್ದೆ. ಹಲ್ಲಿನ ನೋವಿಗೆ ಎಂದು ಎಲ್ಲರೂ ತಿಳಿದುಕೊಂಡರು, ತಿಳಿದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಶಿವಗಂಗವ್ವ ಚಕ್ಕಡಿಯಿಂದ ಇಳಿದಳು. ಮೊದಲು ಚೆನ್ನಾಗಿ ನಕ್ಕಳು, ಅದು ಅವಳ ಹಕ್ಕಾಗಿತ್ತು. ಆಮೇಲೆ ಅರಿವೆಯನ್ನು ನೀರಲ್ಲಿ ಅದ್ದಿ ನನ್ನ ಬಾಯಿಗೆ ತುರುಕಿ, ಕೊಡವನ್ನು ಕಾಲಿನಿಂದ ಅತ್ತ ಸರಿಸಿ, ನೇರವಾಗಿ ನನಗೇ ಹೇಳಿದಳು: 'ಏಳ್ರಿ, ಗಡಿಗಿ ತರಾಕ ಹೋಗೂಣ.' ಕಲ್ಲಪ್ಪ ಎತ್ತುಗಳ ಕೊರಳ ಹಗ್ಗ ಬಿಚ್ಚಿದ.

ಬಾಯಲ್ಲಿ ಅರಿವೆಯಿದ್ದುದರಿಂದ ಕುಂಬಾರನ ಹಾದಿಯುದ್ದಕ್ಕೂ ನಾನು ಮಾತಾಡುವಂತಿರಲಿಲ್ಲ, ಆದ್ದರಿಂದ ಆ ಹಾದಿಯಲ್ಲಿ ಮೊದಲ ಸಲ ಕೇಳಿದೆ. ಅವಳು ಮಳೆಯ ವಿಷಯ ಹೇಳಿದಳು, ಹುಕ್ಕೇರಿಯ ಅವ್ವನ ಮೊಣಕಾಲಿನ ವಿಷಯ ಹೇಳಿದಳು, ಬೇಲಿಯಲ್ಲಿಯ ಹೂವಿನ ಹೆಸರು ಹೇಳಿದಳು. ನನಗೆ ನಮ್ಮ ತಾಯಿ ತೀರಿದ ದಿನಗಳ ನೆನಪಾಯಿತು. ಆಗ ಒಂದು ಬೆಳಿಗ್ಗೆ ಶಿವಗಂಗವ್ವ ಜಗಳವೂ ಇಲ್ಲದೆ ಕಾರಣವೂ ಇಲ್ಲದೆ ಗಡಿಗೆಯನ್ನು ಅಂಗಳಕ್ಕೆ ಹಾಕಿದ್ದಳು. ತಲೆ ಕೆಟ್ಟಿದೆಯೇನೆಂದು ಬೈದಿದ್ದೆ. ಇದೇ ಹಾದಿಯಲ್ಲಿ ಬರುವಾಗ ಅವಳು ಅತ್ತೆಯ ಮಾತನ್ನೇ ಆಡುತ್ತ ಬಂದಿದ್ದಳು, ನನ್ನ ಕಣ್ಣಲ್ಲಿ ಧೂಳು ಬಿದ್ದಿತ್ತು, ಊರು ಬರುವವರೆಗೆ ಒರೆಸಿಕೊಳ್ಳುತ್ತ ನಡೆದಿದ್ದೆ. ಅದು ಮಳೆ ನಿಂತ ಮರುದಿನವಾಗಿತ್ತು, ಹಾದಿಯಲ್ಲಿ ಧೂಳೇ ಇರಲಿಲ್ಲ ಎಂಬುದು ಈಗ ಇಷ್ಟು ವರ್ಷದ ಮೇಲೆ ಹೊಳೆಯಿತು. ಅವಳಿಗೆ ಅದು ಅಂದೇ ಗೊತ್ತಿತ್ತು.

ಮಾಲಿಂಗಪ್ಪ ನಮ್ಮ ಜೋಡಿಯನ್ನೂ ನನ್ನ ಬಾಯನ್ನೂ ನೋಡಿ ಬಹಳ ಸಂತೋಷಪಟ್ಟ. ಗಟ್ಟಿಯಾಗಿ ಸುಟ್ಟದ್ದು ಕೊಡಲೇ, ಇನ್ನು ಪದೇಪದೇ ಬರುವ ತ್ರಾಸ ಬೇಡ ಎಂದು ಅಣಕಿಸಿದ. ಶಿವಗಂಗವ್ವ ಗಡಿಗೆಗೆ ಕಿವಿಗೊಟ್ಟವಳು ತಲೆ ಎತ್ತದೆಯೇ ಹೇಳಿದಳು: 'ತೆಳ್ಳಂದ ಕೊಡ್ರಿ. ನಾವು ಮತ್ತ ಬರೂದೈತಿ.'

ಮಾನ್ಯರೇ, ಹೀಗಾಗಿ ನನ್ನ ವಿನಂತಿ ಇಷ್ಟೇ. ಒಡೆಯದ ಕೊಡಗಳನ್ನು ಮಾಡುವಷ್ಟು ಜಾಣರಾದ ತಾವು ಒಡೆಯುವ ಕೊಡವನ್ನೂ ಮಾಡಲಾರದವರಲ್ಲ. ಒಂದೇ ಏಟಿಗೆ ಒಡೆಯುತ್ತದೆಂದು ಆಜೀವ ಗ್ಯಾರಂಟಿ ಬರೆದುಕೊಟ್ಟು ಅಂಥದನ್ನು ಮಾರಾಟಕ್ಕೆ ತರಬೇಕು. ಅದಾಗದಿದ್ದರೆ ತಮ್ಮ ಪ್ರತಿ ಕೊಡದ ಸಂಗಡ ಒಂದು ಧೂಳಿನ ಹಾದಿಯನ್ನೂ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿ ಕಳುಹಿಸಬೇಕು. ಅದೂ ಆಗದಿದ್ದರೆ, ಗಂಡಹೆಂಡಿರು ಇರುವ ಮನೆಗೆ ಈ ಮಾಲು ತಕ್ಕದ್ದಲ್ಲವೆಂದು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಬೇಕು. ಸನ್ಯಾಸಿಗಳ ಮಠಗಳಿಗೆ ಧಾರಾಳವಾಗಿ ಮಾರಿಕೊಳ್ಳಿರಿ. ನನ್ನ ಹಲ್ಲಿನ ಅರ್ಧ ಚೂರು ನನ್ನ ಬಳಿ ಇದೆ. ಚೂರು ಕಳುಹಿಸಿದರೆ ಹೊಸದನ್ನು ಕೊಡುವ ತಮ್ಮ ಮಾತು ಹಲ್ಲಿಗೂ ಅನ್ವಯಿಸುವುದೋ ಹೇಗೆ ಎಂದು ತಿಳಿಸಿದರೆ ಉಪಕಾರವಾದೀತು. ಆದರೆ ಕಳುಹಿಸಲಾರೆ, ಅದನ್ನು ಶಿವಗಂಗವ್ವ ಕುಂಕುಮದ ಭರಣಿಯಲ್ಲಿ ಹಾಕಿಟ್ಟಿದ್ದಾಳೆ.

ಅವಳು ಈಗ ಹುಕ್ಕೇರಿಯಲ್ಲಿದ್ದಾಳೆ, ಜೋಕಾಲಿ ಆಡುತ್ತಿರಬಹುದು. ಕೌದಿಯನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಹೊಸ ಗಡಿಗೆಯ ನೀರು ತಣ್ಣಗಿದೆ, ಮುರುಕು ಹಲ್ಲಿಗೆ ಜುಮ್ಮೆನ್ನುತ್ತದೆ, ಆದರೂ ಎರಡೆರಡು ತಂಬಿಗೆ ಕುಡಿಯುತ್ತೇನೆ. ಹಬ್ಬ ಮುಗಿಸಿ ಅವಳು ಬರುವುದರೊಳಗೆ ಒಳ್ಳೆಯದೊಂದು ಜಗಳವನ್ನು ಯೋಚಿಸಿಡಬೇಕಾಗಿದೆ, ಎಮ್ಮೆಯ ಕೋಡು ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ಅಲ್ಲಿಂದಲೇ ಸುರು ಮಾಡುವವನಿದ್ದೇನೆ. ಈ ಸಲ ಗಡಿಗೆಯನ್ನು ನಾನು ಎತ್ತಬೇಕೆಂದಿದ್ದೇನೆ.

ಒಂದು ಹಲ್ಲು ಕಡಿಮೆಯಾದರೂ ವಿಶ್ವಾಸ ಕಡಿಮೆಯಾಗದ,

ತಮ್ಮ ವಿಶ್ವಾಸಿ,
ಗುರುಲಿಂಗಪ್ಪ
(ಮೊದಲು ಗಟ್ಟಿ ಮನುಷ್ಯ)
ಮೂಡಲಗಿ

ತಾಜಾಕಲಂ: ತಮ್ಮ ಕೊಡವನ್ನು ಇದೇ ದಿನದ ಪಾರ್ಸಲಿನಲ್ಲಿ, ದಾದೇಸಾಬರಿಂದ ಕೇಳಿ ತಿಳಿದುಕೊಂಡ ತಮ್ಮ ಮನೆಯ ವಿಳಾಸಕ್ಕೆ ಕಾಣಿಕೆಯಾಗಿ ಕಳುಹಿಸಿದ್ದೇನೆ. ನನ್ನ ಹೆಸರನ್ನು ಅರದಿಂದ ತಿಕ್ಕಿ ಅಳಿಸಿ, ತಮ್ಮ ಹೆಸರನ್ನೂ ವಿಳಾಸವನ್ನೂ ಆಳವಾಗಿ ಕೊರೆಸಿರುತ್ತೇನೆ. ಆದ್ದರಿಂದ ತಾವು ಅದನ್ನು ಮುಂಬಯಿಯ ಸಮುದ್ರಕ್ಕೆ ಎಸೆದರೂ ಯಾರಾದರೂ ಸಜ್ಜನರು ತಂದು ಕೊಟ್ಟೇ ಕೊಡುತ್ತಾರೆ. ಕೆಳಗೆ ತಮ್ಮ ಮನೆಯವರ ಹೆಸರಿಗೆ ಜಾಗ ಬಿಟ್ಟಿದೆ. ಜಾಗ ಸಾಲುತ್ತದೆ, ನಾನು ಅಳೆದು ನೋಡಿದ್ದೇನೆ.